ಸೆಪ್ಟಿಕ್ ಟ್ಯಾಂಕಿನ ವೆಂಟ್ ಪೈಪಿನಿಂದ ಮನೆ ಸುತ್ತ ನಾತ ಬರುತ್ತಿದೆ (ಹುಬ್ಬಳ್ಳಿ). ಅದರ ಬಾಯಿ ಮುಚ್ಚಿಬಿಡಬಹುದೇ?

ದಯವಿಟ್ಟು ಮುಚ್ಚಬೇಡಿ, ಪೈಪನ್ನು ಎತ್ತರಿಸಿ. ಟ್ಯಾಂಕಿನ ಗ್ಯಾಸ್ ಹೊರಹೋಗಲು, ಫ್ಲಶ್ ಮಾಡಿದಾಗ ಒಳಗೆ ಗಾಳಿ ಬರಲು ಇಟ್ಟ ದಾರಿ ಅದು. ಗಾಳಿ ಸಿಗದಿದ್ದರೆ, ರಭಸದಿಂದ ಇಳಿಯುವ ನೀರು ಟ್ರ್ಯಾಪಿನಲ್ಲಿ, ಅಂದರೆ ಬಚ್ಚಲ ಜಾಳಿಗೆಯ ಕೆಳಗಿನ ಬಾಗಿದ ಭಾಗದಲ್ಲಿ, ನಿಂತ ನೀರನ್ನೂ ಎಳೆದುಕೊಂಡು ಹೋಗುತ್ತದೆ. ವಾಸನೆ ತಡೆಯುವುದೇ ಆ ನೀರು. ಅದು ಹೋದರೆ ನಾತ ಸೀದಾ ಮನೆಯೊಳಗೆ.

ಟ್ಯಾಂಕ್ ಮನೆಗೆ ಹತ್ತಿಕೊಂಡಿದ್ದರೆ ಪೈಪು ಕಟ್ಟಡದ ತುದಿಗಿಂತ 2 ಮೀಟರ್ ಮೇಲಿರಬೇಕು. ಮಾಳಿಗೆ ಮೇಲೆ ಆಮೇಲೆ ರೂಮು ಕಟ್ಟಿಸಿ, ಪೈಪನ್ನು ಕಿಟಕಿ ಮಟ್ಟದಲ್ಲೇ ಬಿಟ್ಟ ಮನೆಗಳು ನಮ್ಮಲ್ಲಿವೆ. ಮಳೆಗಾಲದಲ್ಲಿ ಇಲ್ಲಿ ಪಡುವಣ ಗಾಳಿ ಜೋರು, ಪೈಪಿನ ಪೂರ್ವಕ್ಕೆ ಕಿಟಕಿ ಇದ್ದವರಿಗೆ ಇನ್ನೂ ತ್ರಾಸು. ಬಾಯಿಗೆ ಸೊಳ್ಳೆ ಜಾಳಿಗೆ ಮಾತ್ರ ಕಟ್ಟಿ. ಬಳಸದ ಬಚ್ಚಲಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ತಂಬಿಗೆ ನೀರು ಸುರಿಯಿರಿ.