ಬೆವರು ಕಾಣದ ಬಿಸಿಲು: ಮರುಭೂಮಿಯ ಬೇಸಿಗೆ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮರುಭೂಮಿಯಲ್ಲಿ 45 ಡಿಗ್ರಿ ಬಿಸಿಲಿದ್ದರೂ ಮೈ ಬೆವರಿದಂತೆ ಅನಿಸುವುದೇ ಇಲ್ಲ. ಬಾಯಾರಿಕೆಯೂ ಅಷ್ಟಿಲ್ಲ. ಆದರೂ ಜಾಸ್ತಿ ನೀರು ಕುಡಿಯಬೇಕೇ? ಎಷ್ಟು?

ಉತ್ತರ: ಬೆವರುತ್ತಿದ್ದೀರಿ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ. ಗಾಳಿ ತೀರಾ ಒಣಗಿರುವುದರಿಂದ ಬೆವರು ಹನಿಗೂಡುವ ಮೊದಲೇ ಆರಿಹೋಗುತ್ತದೆ. ಸಂಜೆ ಅಂಗಿ ಬಿಚ್ಚಿ ಬೆನ್ನಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲೆಯಲೆಯಾಗಿ ಬಿಳಿ ಗೆರೆಗಳಿರುತ್ತವೆ, ಟೋಪಿಯ ಒಳಪಟ್ಟಿಯಲ್ಲೂ ಇರುತ್ತವೆ. ಅದು ನಿಮ್ಮ ಮೈಯಿಂದ ಹೋದ ಉಪ್ಪು.

ಚರ್ಮದ ಬಿಸಿ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದರೆ, ಗಾಳಿ ಮೈಯಿಂದ ಶಾಖ ತೆಗೆಯುವ ಬದಲು ಮೈಗೇ ಶಾಖ ತುಂಬುತ್ತದೆ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಿಸಿಲಲ್ಲಿ ಮೈಮುರಿದು ದುಡಿಯುವವರು ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಬೆವರುವುದು ಸಾಮಾನ್ಯ. ಬಾಯಾರಿಕೆಯಾದರೋ ತಡವಾಗಿ ಎಚ್ಚರಿಸುತ್ತದೆ, ಅದನ್ನೇ ನಂಬಿ ಕೂರಬೇಡಿ.

ಕೆಲಸದಲ್ಲಿರುವಾಗ 15–20 ನಿಮಿಷಕ್ಕೊಮ್ಮೆ 200–250 ಮಿಲಿಲೀಟರಿನ ಒಂದು ಲೋಟ ಕುಡಿಯಿರಿ. ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಆಗುತ್ತದೆ. ಒಂದೂವರೆ ಲೀಟರ್ ದಾಟಬೇಡಿ. ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಶುರುವಾಗುತ್ತವೆ. ಬಿಸಿಲಿನ ಬಳಲಿಕೆಯ ಲಕ್ಷಣಗಳೂ ಇವೇ ಆದ್ದರಿಂದ ಪಕ್ಕದವರು ಇನ್ನಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಇನ್ನೂ ಕೆಡುತ್ತದೆ. ಎರಡು ಗಂಟೆಗಿಂತ ಹೆಚ್ಚು ಬೆವರುವ ಕೆಲಸವಿದ್ದರೆ ಉಪ್ಪಿರುವ ತಿಂಡಿಯೋ ಓ.ಆರ್.ಎಸ್. ಪುಡಿಯೋ ಜೊತೆಗಿರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಿ ಉಪ್ಪು ಜಾಸ್ತಿಯಾದರೆ ಅಪಾಯ. ಕಲಸಿದ್ದನ್ನು ಬಾಯಿಗೆ ಹಾಕಿ ನೋಡಿ: ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ.

ಸಾಕಷ್ಟು ಕುಡಿದಿರೋ ಇಲ್ಲವೋ ತಿಳಿಯಲು ಕೆಲಸಕ್ಕೆ ಮುಂಚೆ, ಮುಗಿದ ಮೇಲೆ ತೂಕ ನೋಡಿಕೊಳ್ಳಿ. ಕಡಿಮೆಯಾದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮೂತ್ರದ ಬಣ್ಣವೂ ಹೇಳುತ್ತದೆ, ಆದರೆ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಅದು ಹೇಗಿದ್ದರೂ ಹಳದಿಯೇ.

ಪ್ರಶ್ನೆ: ಅಷ್ಟು ಬಿಸಿಲಿನಲ್ಲಿ ಮೈತುಂಬ ಬಟ್ಟೆ ಹಾಕುವುದು ಸರಿಯೇ? ಅರಬ್ ಮರುಭೂಮಿಯ ಅಲೆಮಾರಿಗಳಾದ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರಲ್ಲ?

ಉತ್ತರ: ಸರಿ. ಬರಿಮೈಗೆ ಬಿಸಿಲು ನೇರವಾಗಿ ಬಡಿಯುತ್ತದೆ, ಬಿಸಿಗಾಳಿಯೂ ತಾಗುತ್ತದೆ. ಸಡಿಲವಾದ, ತುಂಬುತೋಳಿನ, ತೆಳು ಬಣ್ಣದ ಹತ್ತಿಬಟ್ಟೆ, ಕತ್ತು ಮುಚ್ಚುವ ಅಗಲ ಅಂಚಿನ ಟೋಪಿ ಇರಲಿ. ಕಪ್ಪು ನಿಲುವಂಗಿಯ ಪ್ರಶ್ನೆಯನ್ನು ವಿಜ್ಞಾನಿಗಳು ನಿಜಕ್ಕೂ ಅಳೆದು ನೋಡಿ 1980ರಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಕಾಯುತ್ತದೆ, ನಿಜ. ಆದರೆ ಅಂಗಿ ಸಡಿಲವಾಗಿದ್ದು ಒಳಗೆ ಗಾಳಿಯಾಡುವುದರಿಂದ ಆ ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಹೊರಹೋಗುತ್ತದೆ. ಬಣ್ಣಕ್ಕಿಂತ ಸಡಿಲತನ ಮುಖ್ಯ. ಮೈಗಂಟಿದ ಕಪ್ಪು ಟೀ ಶರ್ಟಿಗೆ ಈ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ಕೂಲರ್ ಹಾಕಿದರೂ ಕೆಲವು ದಿನ ಕೋಣೆ ತಂಪಾಗುವುದೇ ಇಲ್ಲ. ಫ್ಯಾನ್ ಬಿಸಿಗಾಳಿ ಉಗುಳುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಕಿಟಕಿ ನೋಡಿ. ಕೂಲರ್ ನೀರನ್ನು ಆರಿಸಿಯೇ ಗಾಳಿಯನ್ನು ತಂಪು ಮಾಡುವುದು. ಒದ್ದೆಗಾಳಿ ಹೊರಹೋಗಲು ಎದುರು ಬದಿಯ ಕಿಟಕಿ ತುಸು ತೆರೆದಿರಬೇಕು. ಎಲ್ಲ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆ ಜಿಗುಟು ಜಿಗುಟಾಗುತ್ತದೆ. ಇನ್ನು ಹೊರಗಿನ ತೇವ. 43 ಡಿಗ್ರಿಯಲ್ಲಿ ಆರ್ದ್ರತೆ ಶೇ 10 ಇದ್ದರೆ ಒಳ್ಳೆಯ ಕೂಲರ್ 25ರ ಆಸುಪಾಸಿನ ಗಾಳಿ ಕೊಡಬಲ್ಲದು. ಆರ್ದ್ರತೆ ಶೇ 40ಕ್ಕೇರಿದರೆ ಅದೇ ಕೂಲರಿನಿಂದ 33ಕ್ಕಿಂತ ಕೆಳಗೆ ಬರದು. ಆ ದಿನಗಳಲ್ಲಿ ಎ.ಸಿ. ಇರುವ ಜಾಗಕ್ಕೆ ಹೋಗುವುದೇ ಸರಿ. ಕೂಲರಿನಲ್ಲಿ ನೀರು ಹೀರಿ ನೆನೆಯುವ ಪ್ಯಾಡಿನ ಮೇಲೆ ಸುಣ್ಣದಂತೆ ಬಿಳಿ ಪದರ ಕಟ್ಟಿದ್ದರೆ ಗಾಳಿಯೇ ನುಗ್ಗುವುದಿಲ್ಲ. ಪ್ಯಾಡು ಬದಲಿಸಿ, ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಬಸಿದು ಹೊಸ ನೀರು ತುಂಬಿ.

ಬರೀ ಫ್ಯಾನನ್ನು ಕೋಣೆ 40 ಡಿಗ್ರಿ ದಾಟಿದಾಗ ನಂಬಬೇಡಿ, ಅದು ಮೈಯನ್ನು ಬಿಸಿಯೇ ಮಾಡುತ್ತದೆ. ಒದ್ದೆ ಬಟ್ಟೆ ಹೊದ್ದು ಅಥವಾ ಕೈಕಾಲು ನೆನೆಸಿಕೊಂಡು ಅದರ ಮುಂದೆ ಕೂತರೆ ಮಾತು ಬೇರೆ. ಕಿಟಕಿಗಳನ್ನು ರಾತ್ರಿ ಹೊರಗೆ ತಂಪಾದ ಮೇಲೆ ತೆರೆಯಿರಿ, ಬೆಳಿಗ್ಗೆ ಹೊರಗಿನ ಬಿಸಿ ಒಳಗಿನದನ್ನು ಮೀರುವ ಮುನ್ನ ಮುಚ್ಚಿ. ಪರದೆ ಗಾಜಿನ ಹೊರಗಿದ್ದರೆ ಹೆಚ್ಚು ಉಪಯೋಗ.

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದವರೇ ಹೆಚ್ಚಾಗಿ ಕುಸಿದು ಬೀಳುತ್ತಾರೆ. ಯಾಕೆ?

ಉತ್ತರ: ಮೈ ಒಗ್ಗಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಶೇ 20ರಷ್ಟು ಮಾತ್ರ ಇರಲಿ, ನಂತರ ದಿನಕ್ಕೆ ಶೇ 20ರಂತೆ ಏರಿಸಿ. ದೀರ್ಘ ರಜೆಯಿಂದ ಮರಳಿದ ಅನುಭವಿಗಳಿಗೆ ಶೇ 50, 60, 80, 100 ಎಂದು ನಾಲ್ಕು ದಿನ. ಇದನ್ನು ಮೇಸ್ತ್ರಿಗಳು ಸೋಮಾರಿತನ ಎಂದುಕೊಳ್ಳಬಾರದು, ದಯವಿಟ್ಟು. ಪ್ರಾಣ ಹೋಗುವುದು ಮೊದಲ ವಾರದಲ್ಲೇ.

ಪ್ರಶ್ನೆ: ಬಿಸಿಲಿಗೆ ಒಬ್ಬರು ಬಿದ್ದರು, ತೊದಲುತ್ತಿದ್ದಾರೆ. ಆದರೆ ಮೈ ಬೆವರಿದೆ. ಹೀಟ್ ಸ್ಟ್ರೋಕ್ ಆದರೆ ಚರ್ಮ ಒಣಗಿರಬೇಕಲ್ಲವೇ?

ಉತ್ತರ: ಈ ಒಂದು ತಪ್ಪು ತಿಳಿವಳಿಕೆಯಿಂದ ತುಂಬಾ ಜೀವಗಳು ಹೋಗಿವೆ. ದುಡಿಯುತ್ತಲೇ ಹೀಟ್ ಸ್ಟ್ರೋಕ್ ಆದವರ ಮೈ ಚೆನ್ನಾಗಿಯೇ ಬೆವರಿರಬಹುದು. ನೋಡಬೇಕಾದ್ದು ತಲೆಯನ್ನು: ಮಾತು ತಡವರಿಸುತ್ತಿದೆಯೇ, ಹೆಜ್ಜೆ ಓಲಾಡುತ್ತಿದೆಯೇ, ಸುಮ್ಮಸುಮ್ಮನೆ ಸಿಡುಕುತ್ತಿದ್ದಾರೆಯೇ, ಇದು ಯಾವ ಜಾಗ ಎಂದರೆ ಉತ್ತರವಿಲ್ಲವೇ? ಬಿಸಿಲಿನಲ್ಲಿ ಇಷ್ಟಾದರೆ ಸಾಕು, ಒಳಮೈ 40 ಡಿಗ್ರಿ ದಾಟಿದೆ ಎಂದೇ ಹಿಡಿದು ತಣಿಸುವ ಕೆಲಸ ಶುರುಮಾಡಿ. ಕಂಕುಳ ಥರ್ಮಾಮೀಟರ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಉಳಿದವರು ಅದು ಬರುವವರೆಗೆ ಕಾಯದೆ ಅಲ್ಲೇ ತಣಿಸಲು ತೊಡಗಿ. ಮೊದಲ 30 ನಿಮಿಷದಲ್ಲೇ ಮೈ ತಣಿಸುವುದು ಗುರಿ. ನೆರಳಿಗೆ ಎಳೆದುಕೊಂಡು ಹೊರಬಟ್ಟೆ, ಬೂಟು ತೆಗೆಯಿರಿ. ತಣ್ಣೀರಿನ ತೊಟ್ಟಿಯಿದ್ದರೆ ಕತ್ತಿನವರೆಗೆ ಮುಳುಗಿಸಿ, ಒಬ್ಬರು ತಲೆ ಹಿಡಿದೇ ಇರಲಿ. ತೊಟ್ಟಿಯಿಲ್ಲದಿದ್ದರೆ ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕಾರು ಜನ ಅಂಚುಗಳನ್ನು ತೊಟ್ಟಿಲಿನಂತೆ ಎತ್ತಿಹಿಡಿದು ನೀರು, ಮಂಜುಗಡ್ಡೆ ಸುರಿದು ಕುಲುಕುತ್ತಿರಿ. ಅಷ್ಟು ನೀರೂ ಇಲ್ಲವೇ? ಮೈಯೆಲ್ಲ ನೆನೆಸಿ ರಟ್ಟಿನಿಂದಲಾದರೂ ಜೋರಾಗಿ ಗಾಳಿ ಹಾಕಿ. ಒಣಗಾಳಿ ಇಲ್ಲಿ ನಿಮ್ಮ ಕಡೆಗಿದೆ, ಈ ಉಪಾಯ ಮರುಭೂಮಿಯಲ್ಲಿ ಚೆನ್ನಾಗಿ ಫಲಿಸುತ್ತದೆ. ಕತ್ತು, ಕಂಕುಳು, ತೊಡೆಸಂದಿಗೆ ಇಟ್ಟ ತಣ್ಣನೆಯ ಬಟ್ಟೆ ಎರಡು ಮೂರು ನಿಮಿಷದಲ್ಲಿ ಬಿಸಿಯಾಗುತ್ತದೆ, ಬದಲಿಸುತ್ತಲೇ ಇರಿ.

ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ. ಪ್ಯಾರಸಿಟಮಾಲ್ ಕೊಡಬೇಡಿ. ಜ್ವರದಲ್ಲಿ ಮಿದುಳೇ ಮೈಯ ಬಿಸಿ ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಬಿಸಿ ಹೊರಗಿನಿಂದ, ದುಡಿಮೆಯಿಂದ ಬಂದದ್ದು. ಮಾತ್ರೆಗೆ ಇಲ್ಲಿ ಕೆಲಸವಿಲ್ಲ, ಯಕೃತ್ತಿಗೆ ಹೊರೆ ಬೇರೆ.

ಪ್ರಶ್ನೆ: ಮರಳುಗಾಡಿನ ಒಂಟಿದಾರಿಯಲ್ಲಿ ಕಾರು ಕೆಟ್ಟರೆ?

ಉತ್ತರ: ಕಾರು ಬಿಟ್ಟು ಹೋಗಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಣ್ಣಿಗೆ ಬೀಳುತ್ತದೆ. ಬಾನೆಟ್ ಎತ್ತಿಡಿ, ಕನ್ನಡಿಯಿಂದ ಬಿಸಿಲು ಹೊಳೆಯಿಸಿ. ಒಳಗೆ ಕೂರಬೇಡಿ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 10 ಡಿಗ್ರಿಯಷ್ಟು ಏರುತ್ತದೆ, ಗಾಜು ಒಂದು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಪಕ್ಕದ ನೆರಳಿನಲ್ಲಿ ಬಟ್ಟೆಯ ಚಪ್ಪರ ಕಟ್ಟಿ. ನೆಲಕ್ಕೆ ಕೂರದೆ ಸೀಟನ್ನೋ ಸ್ಟೆಪ್ನಿಯನ್ನೋ ಹಾಕಿ ಅದರ ಮೇಲೆ ಕೂರಿ. ನಡುಮಧ್ಯಾಹ್ನ ಮರಳಿನ ಮೈ 65 ಡಿಗ್ರಿಯನ್ನೂ ದಾಟುತ್ತದೆ, ಒಂದು ಅಡಿ ಮೇಲಕ್ಕೆ ಬಂದರೂ ಗಾಳಿ ಎಷ್ಟೋ ತಂಪು.

ನೀರನ್ನು ಗುಟುಕು ಗುಟುಕಾಗಿ ಉಳಿಸಿ ಸತ್ತವರ ಬಾಟಲಿಯಲ್ಲಿ ನೀರು ಮಿಕ್ಕಿರುತ್ತದೆ ಎಂದು ರಕ್ಷಣಾ ತಂಡದವರು ಹೇಳುವುದುಂಟು. ಬಾಯಾರಿದಾಗ ಕುಡಿಯಿರಿ. ಉಳಿಸಬೇಕಾದ್ದು ಬೆವರನ್ನು: ಹಗಲು ಅಲುಗಾಡಬೇಡಿ, ಅಗೆಯುವುದು, ಕಟ್ಟುವುದು ಇದ್ದರೆ ಕತ್ತಲಾದ ಮೇಲೆ. ನೀರು ಕಡಿಮೆಯಿದ್ದರೆ ಊಟವೂ ಕಡಿಮೆ, ಅರಗಿಸಲು ನೀರು ಬೇಕು. ರೇಡಿಯೇಟರಿನ ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ಅದರ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಹಾಳುಮಾಡುವ ವಿಷ. ಒಂದು ಹನಿಯೂ ಬೇಡ.

ಎಂಜಿನ್ ಕಾದಿದ್ದಷ್ಟೇ ತೊಂದರೆಯಾದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಕಾರು ನಿಲ್ಲಿಸಿ. ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ ತಣ್ಣಗಾಗಿ, ಒತ್ತಿದರೆ ಮೆತ್ತಗಾಗುವವರೆಗೆ ಅದರ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ಮೀರಿಯೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಹೊರಡುವಾಗ ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು, ಒಂದು ದಿನದ್ದು ಹೆಚ್ಚುವರಿ. ಎಲ್ಲವನ್ನೂ ಒಂದೇ ಕ್ಯಾನಿಗೆ ತುಂಬಬೇಡಿ, ಅದು ಸೋರಿದರೆ ಮುಗಿಯಿತು.

ಪ್ರಶ್ನೆ: ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ನಿಲ್ಲಿಸಬೇಕೇ?

ಉತ್ತರ: ತಾವಾಗಿಯೇ ನಿಲ್ಲಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆ, ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್, ಕೆಲವು ಮಾನಸಿಕ ಆರೋಗ್ಯದ ಔಷಧಿ, ನಿದ್ದೆ ಬರಿಸುವ ನೆಗಡಿ ಮಾತ್ರೆಗಳು ಮೈ ತಣಿಯುವುದಕ್ಕೆ ಅಡ್ಡಬರುತ್ತವೆ. ಬೇಸಿಗೆಗೆ ಮುಂಚೆಯೇ ವೈದ್ಯರ ಬಳಿ ಚೀಟಿ ತೋರಿಸಿ ಕೇಳಿ. ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿ ಮೀರಿದ ಜಾಗದಲ್ಲಿ ಕೆಡುತ್ತದೆ, ಹಾಗಾಗಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂದೂ ಇಡಬೇಡಿ.