ಓದುಗರು ಕೇಳಿದ್ದು: ಆಟೋಕ್ರಾಸ್‌ಗೆ ಯಾವ ಟೈರು, ಎಷ್ಟಿಂಚಿನ ವೀಲು?

ಮಳೆ ನಿಂತು ನೆಲ ಗಟ್ಟಿಯಾಗೋ ಹೊತ್ತಿಗೆ ಈ ಅಂಕಣಕ್ಕೆ ಆಟೋಕ್ರಾಸ್ (ಗಡಿಯಾರ ಇಟ್ಕೊಂಡು ಗಾಡಿ ಓಡಿಸೋ, ತಿರುವುಗಳೇ ಜಾಸ್ತಿ ಇರೋ ಸ್ಪರ್ಧೆ) ಕಾಗದಗಳು ಶುರುವಾಗ್ತವೆ, ಈ ಸಲ ಬಂದಿದ್ರಲ್ಲಿ ಮುಕ್ಕಾಲು ಪಾಲು ಟೈರು ಮತ್ತೆ ರಿಮ್ಮಿನ ವಿಷಯಾನೇ. ಹಾಗಾಗಿ ಈ ತಿಂಗಳು ಬೇರೆ ಏನೂ ಬೇಡ, ಇದನ್ನೇ ಮಾತಾಡೋಣ.

ನನ್ನದು ಸ್ವಿಫ್ಟ್ ಎಲ್‌ಎಕ್ಸ್‌ಐ, ಕಂಪನಿಯಿಂದ ಬಂದಿರೋ 14 ಇಂಚಿನ ಕಬ್ಬಿಣದ ರಿಮ್, 165/80 ಟೈರು. ನಮ್ಮೂರ ಕಡೆ ಮಣ್ಣಿನ ಟ್ರ್ಯಾಕಲ್ಲಿ ನಡೆಯೋ ಆಟೋಕ್ರಾಸ್‌ಗೆ ಮೊದಲ ಸಲ ಎಂಟ್ರಿ ಕೊಡ್ತಿದೀನಿ. ಫ್ರೆಂಡ್ಸೆಲ್ಲ 17 ಇಂಚಿನ ಅಲಾಯ್ ಹಾಕ್ಸು, 205/40 ಟೈರ್ ಹಾಕ್ಸು, ಗಾಡಿ ನೆಲಕ್ಕೆ ಕಚ್ಕೊಂಡು ಹೋಗತ್ತೆ ಅಂತಾರೆ. ಸ್ವಲ್ಪ ದುಡ್ಡೂ ಎತ್ತಿಟ್ಟಿದೀನಿ. ಹಾಕ್ಸ್ಲಾ ಸಾರ್? (ಚಿಕ್ಕಮಗಳೂರಿನ ಓದುಗರು)

ಬೇಡ. ದಯವಿಟ್ಟು ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಬೇರೆ ಬೇರೆ ಗಾಡಿ ಹೆಸರಲ್ಲಿ ಇನ್ನೂ ಆರೇಳು ಜನ ಕೇಳಿದಾರೆ.

ಟೈರ್ ಮೇಲೆ ಬರೆದಿರೋ ನಂಬರನ್ನ ಮೊದಲು ಓದ್ಕೊಳಿ. 165/80 ಆರ್14 ಅಂದ್ರೆ ಟೈರಿನ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 80 ಪಾಲು, ಅಂದ್ರೆ 132 ಮಿಲಿಮೀಟರ್, ಒಳಗಿನ ರಿಮ್ 14 ಇಂಚು. ಈಗ ನಿಮ್ಮ ಫ್ರೆಂಡ್ಸ್ ಹೇಳಿದ 205/40 ಆರ್17 ಲೆಕ್ಕ ಹಾಕಿ, ಗೋಡೆ ಬರೀ 82 ಮಿಲಿಮೀಟರ್. ನೆಲಕ್ಕೂ ರಿಮ್ಮಿಗೂ ಮಧ್ಯ ಇದ್ದ ರಬ್ಬರ್ ಮೆತ್ತೆಯಲ್ಲಿ ಐದು ಸೆಂಟಿಮೀಟರ್ ಹೋಯ್ತು. ಮಣ್ಣಿನ ಟ್ರ್ಯಾಕಲ್ಲಿ ಬೆಳಗ್ಗೆ ಹತ್ತು ಗಾಡಿ ಓಡೋ ಅಷ್ಟರಲ್ಲಿ ತಿರುವುಗಳಲ್ಲಿ ಗಾಲಿ ಸಾಲು ಬೀಳ್ತವೆ, ಆ ಸಾಲಿನ ಅಂಚಿಗೆ ಅಡ್ಡವಾಗಿ ಗಾಡಿ ಜಾರ್ಕೊಂಡು ಬಂದು ಬಡಿದ್ರೆ ಏಟು ತಿನ್ನೋಕೆ ಅಲ್ಲಿ ರಬ್ಬರ್ ಇರ್ಬೇಕು, ಇಲ್ಲಾಂದ್ರೆ ಏಟು ಸೀದಾ ರಿಮ್ಮಿಗೆ.

ಒಂದು ಸಲ ಎಸ್ಟೇಟ್ ಪಕ್ಕದ ಟ್ರ್ಯಾಕಲ್ಲಿ ಕಣ್ಣಾರೆ ನೋಡಿದೀನಿ. ಒಂದೇ ತಿರುವು, ಒಂದೇ ಗುಂಡಿ, ಅರ್ಧ ಗಂಟೆ ಅಂತರದಲ್ಲಿ ಎರಡು ಗಾಡಿ ಬಡ್ಕೊಂಡ್ವು. ಅಲಾಯ್ ಹಾಕಿದ್ದ ಗಾಡೀಲಿ ರಿಮ್ಮಿನ ಒಳಗಡೆ ಅಂಚಲ್ಲಿ ಬೆರಳುದ್ದ ಬಿರುಕು ಬಿಟ್ಟು ಗಾಳಿ ಸುಸ್ಸಂತ ಹೋಗ್ತಿತ್ತು, ಆ ಹುಡುಗನ ದಿನ ಅಲ್ಲಿಗೇ ಮುಗೀತು. ಕಬ್ಬಿಣದ ರಿಮ್ಮಿನ ಗಾಡೀದು ಅಂಚು ಬಾಳೆಲೆ ಮಡಚಿದ ಹಾಗೆ ಒಳಕ್ಕೆ ಮಡಚ್ಕೊಂಡಿತ್ತು. ಪಂಕ್ಚರ್ ಅಂಗಡಿಯ ಅಣ್ಣ ಒಬ್ರು ಟ್ರ್ಯಾಕ್ ಪಕ್ಕಾನೇ ಕಂಪ್ರೆಸರ್ ಇಟ್ಕೊಂಡು ಕೂತಿದ್ರು, ಸುತ್ತಿಗೇಲಿ ನಾಲ್ಕು ಏಟು ಹಾಕಿ, ಸೋಪು ನೀರು ಸವರಿ ಗುಳ್ಳೆ ಬರತ್ತಾ ನೋಡಿ, ಗಾಳಿ ಹೊಡ್ದು ಕಳಿಸಿದ್ರು. ಮುಂದಿನ ರನ್‌ಗೆ ಗಾಡಿ ಲೈನಲ್ಲಿ ನಿಂತಿತ್ತು. (ಆ ರಿಮ್ಮನ್ನ ಆಮೇಲೆ ರೋಡಿಗೆ ಬಳಸ್ಬಾರ್ದು, ಗುಜರಿಗೆ ಹಾಕ್ಬೇಕು, ಅದು ಬೇರೆ ಮಾತು.)

ಇನ್ನೊಂದು ತೂಕ. ದೊಡ್ಡ ರಿಮ್ಮು ಸಾಮಾನ್ಯವಾಗಿ ಭಾರ, ಅದರಲ್ಲೂ ಕಮ್ಮಿ ರೇಟಿನ ಅಲಾಯ್ ಅಂತೂ ಕಬ್ಬಿಣಕ್ಕಿಂತ ಹಗುರ ಇರತ್ತೆ ಅಂತ ಅಂದ್ಕೊಳ್ಳೋದೇ ತಪ್ಪು, ಅಂಗಡೀಲಿ ತಕ್ಕಡಿ ಮೇಲಿಟ್ಟು ನೋಡಿ ಗೊತ್ತಾಗತ್ತೆ. ಗಾಲಿಯ ತೂಕ ಸುಮ್ನೆ ಹೊರೋ ತೂಕ ಅಲ್ಲ, ಪ್ರತಿ ತಿರುವಿಂದ ಆಚೆ ಬರೋವಾಗ ಎಂಜಿನ್ ಅದನ್ನ ತಿರುಗಿಸ್ಬೇಕು, ಪ್ರತಿ ತಿರುವಿಗೆ ಮುಂಚೆ ಬ್ರೇಕ್ ಅದನ್ನ ನಿಲ್ಲಿಸ್ಬೇಕು, ಏರುತಗ್ಗಲ್ಲಿ ಸಸ್ಪೆನ್ಷನ್ ಅದನ್ನ ನೆಲಕ್ಕೆ ಒತ್ತಿ ಹಿಡೀಬೇಕು. ಆಟೋಕ್ರಾಸ್ ಅಂದ್ರೆ ಪೂರ್ತಿ ಇದೇ ಮೂರು ಕೆಲಸ, ಉದ್ದ ಸ್ಟ್ರೈಟ್ ಇರೋದೇ ಇಲ್ಲ.

ಹಾಗಾಗಿ 14 ಇಂಚಲ್ಲೇ ಇರಿ. ನಿಮ್ಮ ಕ್ಲಾಸಿನ ರೂಲ್ಸ್ ಬಿಟ್ರೆ 185/70 ಆರ್14 ನೋಡ್ಬಹುದು, ಹೊರಗಿನ ವ್ಯಾಸ ಹೆಚ್ಚುಕಮ್ಮಿ ಈಗಿನಷ್ಟೇ ಬರತ್ತೆ, 620ರ ಬದಲು 615 ಮಿಲಿಮೀಟರ್, ಗೇರಿಂಗೂ ಕೆಡಲ್ಲ ಸ್ಪೀಡೋಮೀಟರೂ ಕೆಡಲ್ಲ. ಆದ್ರೆ ಎಂಟ್ರಿ ಫಾರ್ಮ್ ಜೊತೆ ಬರೋ ಸಪ್ಲಿಮೆಂಟರಿ ರೆಗ್ಯುಲೇಶನ್ಸ್ ಓದಿ ಆಮೇಲೆ ಟೈರ್ ಅಂಗಡಿಗೆ ಹೋಗಿ, ಸ್ಟಾಕ್ ಕ್ಲಾಸಲ್ಲಿ (ಕಂಪನಿ ಕೊಟ್ಟ ಹಾಗೇ ಇರೋ ಗಾಡಿಗಳ ವಿಭಾಗ) ಯಾವ ಸೈಜಿಗೆ ಅವಕಾಶ, ರ‍್ಯಾಲಿ ಟೈರಿಗೆ ಅವಕಾಶ ಉಂಟಾ ಇಲ್ವಾ ಅನ್ನೋದು ಅಲ್ಲಿರತ್ತೆ, ಓಡಿಸೋಕೆ ಮುಂಚೆ ಗಾಡಿ ತಪಾಸಣೆ ಮಾಡೋ ಸ್ಕ್ರೂಟಿನೀಲಿ ವಾಪಸ್ ಕಳಿಸಿದ್ರೆ ಯಾರನ್ನೂ ಬೈಯೋಕಾಗಲ್ಲ. ಎತ್ತಿಟ್ಟಿರೋ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಬ್ಬಿಣದ ರಿಮ್ ಒಂದು ಸೆಟ್, ಅದಕ್ಕೆ ಒಳ್ಳೆ ಟೈರು, ಗಾಳಿ ನೋಡೋ ನಿಮ್ಮದೇ ಒಂದು ಗೇಜು, ಮತ್ತೆ ತಲೆಗೆ ಸರಿಯಾಗಿ ಕೂರೋ ಹೆಲ್ಮೆಟ್ಟು.

ನಾನು ಕೊಡಗಿನವಳು, ಕೊಯ್ಲು ಮುಗಿದ ಗದ್ದೇಲಿ ನಡೆಯೋ ಆಟೋಕ್ರಾಸಲ್ಲಿ ಲೇಡೀಸ್ ಕ್ಲಾಸಲ್ಲಿ ಓಡಿಸ್ತೀನಿ. ಬೆಳಗ್ಗೆ ಓಡಿಸಿದಾಗ ಗಾಡಿ ಮುಂದಕ್ಕೆ ಜಾರತ್ತೆ, ಮಧ್ಯಾಹ್ನ ಅದೇ ಟೈರಲ್ಲಿ ಚೆನ್ನಾಗಿ ತಿರುಗತ್ತೆ. ಟೈರ್ ಅಗಲ ಮಾಡಿದ್ರೆ ಸರಿಹೋಗತ್ತಾ?

ಅಗಲ ಮಾಡಿದ್ರೆ ಬೆಳಗ್ಗಿನ ಹೊತ್ತು ಇನ್ನೂ ಕೆಡತ್ತೆ. ಗದ್ದೆ ನೀವೇ ತುಳಿದವರು, ನಿಮಗೆ ಗೊತ್ತಿರತ್ತೆ, ಬೆಳಗ್ಗೆ ಇಬ್ಬನಿ ಕೂತು ಮೇಲಿನ ಒಂದು ಪದರ ಬೆಣ್ಣೆ ಥರ ಇರತ್ತೆ, ಕೆಳಗೆ ಗಟ್ಟಿ. ಅಲ್ಲಿ ಬೇಕಾಗಿರೋದು ಆ ಪದರ ಸೀಳ್ಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟೋ ಟೈರು, ಅಂದ್ರೆ ಕಿರಿದು, ಬಟನ್ (ನೆಲಕ್ಕೆ ತಾಗೋ ರಬ್ಬರ್ ಉಬ್ಬುಗಳು) ಬಿಡಿಬಿಡಿಯಾಗಿ ಇರೋದು, ಮಧ್ಯದ ಜಾಗ ಅಗಲ ಇದ್ದು ತಿರುಗೋವಾಗ ಮಣ್ಣನ್ನ ತಾನೇ ಉದುರಿಸ್ಕೊಳ್ಳೋದು. ಅದೇ ಗಾಡಿ ತೂಕ ಕಮ್ಮಿ ಅಗಲದ ಮೇಲೆ ಕೂತಾಗ ನೆಲಕ್ಕೆ ಒತ್ತಡ ಜಾಸ್ತಿ. ಅಗಲ ಟೈರು ಆ ಬೆಣ್ಣೆ ಮೇಲೇ ತೇಲತ್ತೆ. ಮಧ್ಯಾಹ್ನಕ್ಕೆ ಬಿಸಿಲಿಗೆ ಒಣಗಿ, ಗಾಡಿಗಳು ಸಡಿಲ ಮಣ್ಣನ್ನೆಲ್ಲ ಹೊರಗಡೆ ಗುಡಿಸಿ ಹಾಕಿರ್ತವೆ, ಕೆಳಗಿನ ನೆಲ ಸಿಮೆಂಟ್ ಥರ ಹೊಳೀತಿರತ್ತೆ, ಆವಾಗ ಆ ಉದ್ದುದ್ದ ಬಟನ್‌ಗಳು ಬಾಗಿ ಬಾಗಿ ಗಾಡಿ ಅಲುಗಾಡಿದ ಹಾಗೆ ಅನ್ಸತ್ತೆ, ಸ್ವಲ್ಪ ಸವೆದ ಟೈರೇ ಅಲ್ಲಿ ವಾಸಿ. ಎರಡು ಸೆಟ್ ಇಟ್ಕೊಳೋ ಅನುಕೂಲ ಇಲ್ಲಾಂದ್ರೆ ಹೊಸ ಬಟನ್ ಟೈರು ಮುಂದಿನ ಎರಡು ಗಾಲಿಗೆ, ಹಳೇದು ಹಿಂದಕ್ಕೆ ಹಾಕಿ. ನಿಮ್ಮದು ಫ್ರಂಟ್ ವೀಲ್ ಡ್ರೈವ್ ಆಗಿದ್ರೆ ಎಳೆಯೋದೂ ಮುಂದಿನದೇ, ತಿರುಗಿಸೋದೂ ಮುಂದಿನದೇ. ಇದು ಟ್ರ್ಯಾಕ್‌ಗೆ ಮಾತ್ರ, ಮನೆಗೆ ಹೋಗೋವಾಗ ರೋಡಲ್ಲಿ ಹಿಂದಿನ ಗಾಲಿ ಜಾರೋ ಜೋಡಣೆ ಬೇಡ, ಮಾಮೂಲಿ ಟೈರ್ ಹಾಕ್ಕೊಂಡೇ ಹೊರಡಿ.

ರ‍್ಯಾಲಿ ಟೈರು ನಮ್ಮಲ್ಲೇ ಎಂಆರ್‌ಎಫ್, ಜೆಕೆ ಇಬ್ರೂ ಮಾಡ್ತಾರೆ. ನಮ್ಮ ರ‍್ಯಾಲಿ ಡ್ರೈವರ್ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆಗಿದ್ದು ಎಂಆರ್‌ಎಫ್ ಟೈರಲ್ಲೇ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ಆ ಗಾಡಿಗಳು ಹೋಗೋದನ್ನ ನಿಂತು ನೋಡಿದವರಿಗೆ ನೆನಪಿರತ್ತೆ, ಆ ಟೈರುಗಳ ಅಂಚು ಎಷ್ಟು ಚೂಪಾಗಿ, ಗೋಡೆ ಎಷ್ಟು ದಪ್ಪ ಇತ್ತು ಅಂತ.

ಮಣ್ಣಿನ ಟ್ರ್ಯಾಕಿಗೆ ಗಾಳಿ ಬಗ್ಗೆ. ಡ್ರೈವರ್ ಬಾಗಿಲ ಹತ್ರ ಅಂಟಿಸಿರೋ ಸ್ಟಿಕ್ಕರಲ್ಲಿ ಇರೋದಕ್ಕಿಂತ ಮೂರು ನಾಲ್ಕು ಪಿಎಸ್ಐ ಇಳಿಸಿ ಶುರುಮಾಡಿ. ನಾನು ಟ್ಯೂಬ್‌ಲೆಸ್ಸಲ್ಲಿ 24ಕ್ಕಿಂತ ಕೆಳಗೆ ಇಳಿಸಲ್ಲ, ಸಾಲಿಗೆ ಅಡ್ಡ ಬಡಿದಾಗ ಟೈರು ರಿಮ್ಮಿಂದ ಬಿಟ್ಕೊಂಡು ಬರತ್ತೆ, ಒಳಗೆ ಮಣ್ಣು ಹೋಗಿ ಕೂತ್ರೆ ಮತ್ತೆ ಸೀಟ್ ಆಗೋದೂ ಕಷ್ಟ.

ಬೆಂಗಳೂರಲ್ಲಿ ಟಾರು, ಕಾಂಕ್ರೀಟ್ ಮೇಲೆ ಕೋನ್ ಇಟ್ಟು ನಡೆಸೋ ಇವೆಂಟಿಗೆ ಹೋಗ್ತೀನಿ. ಸ್ವಿಫ್ಟೇ, ಆದ್ರೆ 15 ಇಂಚು, 185/65. ಇಲ್ಲೂ ಕಿರಿದಾದ ಟೈರೇ ಒಳ್ಳೇದಾ? ಗಾಳಿ ಎಷ್ಟಿರ್ಬೇಕು?

ಇಲ್ಲ, ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಟಾರಲ್ಲಿ ಸೀಳೋಕೆ ಏನೂ ಇಲ್ಲ, ರಬ್ಬರ್ ನೆಲಕ್ಕೆ ಅಂಟ್ಕೋಬೇಕು ಅಷ್ಟೇ, ಮೆತ್ತಗಿನ ರಬ್ಬರ್, ಗಿಡ್ಡ ಗೋಡೆ, ಸ್ವಲ್ಪ ಅಗಲ. 195/55 ಆರ್15 ನೋಡಿ, ವ್ಯಾಸ 621ರಿಂದ 596ಕ್ಕೆ ಇಳಿಯತ್ತೆ, ಅಂದ್ರೆ ಗೇರು ನೂರಕ್ಕೆ ನಾಲ್ಕರಷ್ಟು ಗಿಡ್ಡ ಆದ ಹಾಗೆ, ಎರಡನೇ ಗೇರಲ್ಲಿ ತಿರುವಿಂದ ಆಚೆ ಬರೋವಾಗ ಎಳೆತ ಗೊತ್ತಾಗತ್ತೆ. ಗಾಡಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬರತ್ತೆ, ನಮ್ಮ ಹಂಪುಗಳಿಗೆ ಹುಷಾರು. ರಿಮ್ ಅಗಲ ಐದೂವರೆ ಇಂಚಾದ್ರೂ ಇರ್ಲಿ. ಕಿರಿದಾದ ರಿಮ್ಮಿಗೆ ಅಗಲ ಟೈರ್ ತುರುಕಿದ್ರೆ ಗೋಡೆ ಬಲೂನ್ ಥರ ಉಬ್ಬಿ ತಿರುವಲ್ಲಿ ಮಗುಚ್ಕೊಳತ್ತೆ, ಅಗಲ ಮಾಡಿದ್ದಕ್ಕೆ ಪ್ರಯೋಜನಾನೇ ಸಿಗಲ್ಲ.

ಗಾಳಿಗೆ ಯಾರ ನಂಬರೂ ಬೇಡ, ಒಂದು ಸೀಮೆಸುಣ್ಣ ತಗೊಳಿ. ಮುಂದಿನ ಟೈರಲ್ಲಿ ಹೊರಗಡೆ, ಬಟನ್ ಮುಗಿದು ಗೋಡೆ ಶುರುವಾಗೋ ಕಡೆ, ಮೂರು ಜಾಗದಲ್ಲಿ ಮೇಲಿಂದ ಕೆಳಕ್ಕೆ ದಪ್ಪ ಗೆರೆ ಎಳೀರಿ. ಸ್ಟಿಕ್ಕರಿಗಿಂತ ಐದು ಪಿಎಸ್ಐ ಜಾಸ್ತಿ ಇಟ್ಟು ಒಂದು ರನ್ ಹೋಗಿ ಬನ್ನಿ. ಬಹಳ ಟೈರಲ್ಲಿ ಆ ಅಂಚಲ್ಲೇ ಒಂದು ಪುಟ್ಟ ತ್ರಿಕೋನ ಗುರುತು ಇರತ್ತೆ, ಸುಣ್ಣ ಆ ತ್ರಿಕೋನದ ಹತ್ತಿರದವರೆಗೆ ಅಳಿಸಿದ್ರೆ ಸರಿಯಾಗಿದೆ, ಅದನ್ನೂ ದಾಟಿ ಗೋಡೆ ಮೇಲೆ ಅಳಿಸಿದ್ರೆ ಟೈರ್ ಮಗುಚ್ತಿದೆ ಇನ್ನೆರಡು ಪಿಎಸ್ಐ ಹಾಕಿ, ಅಂಚಿಗೇ ಬಂದಿಲ್ಲ ಅಂದ್ರೆ ಎರಡು ತೆಗೀರಿ. ಪ್ರತಿ ರನ್ ಆದ್ಮೇಲೂ ನೋಡಿ, ಟೈರ್ ಬಿಸಿಯಾದ ಹಾಗೆ ಒಳಗಿನ ಗಾಳಿ ತಾನೇ ಏರತ್ತೆ, ಐದಾರು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಒಂದು ಪಿಎಸ್ಐ. ಒಂದೇ ಗಾಡೀಲಿ ಇಬ್ರು ಓಡಿಸಿದ್ರಂತೂ ಕೈ ಇಟ್ರೇ ಗೊತ್ತಾಗತ್ತೆ ಎಷ್ಟು ಕಾದಿದೆ ಅಂತ. ಅದಕ್ಕೆ ತೋಟದಲ್ಲಿ ಔಷಧಿ ಹೊಡಿಯೋ ಥರದ ಸ್ಪ್ರೇ ಪಂಪ್ ಹೊಸದೊಂದು ತಗೊಂಡು ಬರೀ ನೀರು ತುಂಬಿ ಟೈರಿಗೆ ಹೊಡೀರಿ, ಬೋರ್ಡೋ ಔಷಧಿ ಹೊಡೆದ ಹಳೇ ಪಂಪ್ ಬೇಡ.

ಅಮೆರಿಕದ ಸ್ಯಾನ್ ಹೋಸೆಯಲ್ಲಿದೀನಿ, ಮಾಜ್ದಾ ಮಿಯಾಟಾ ಗಾಡಿ ಇದೆ, ಕ್ಲಬ್ ಅನ್ನೋ ಮಾಡೆಲ್, 17 ಇಂಚು. ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಆಟೋಕ್ರಾಸಿಗೆ ಈ ವರ್ಷ ಸೇರ್ಕೊಂಡೆ. ಸೀದಾ ಹೂಸಿಯರ್ ರೇಸ್ ಟೈರೇ ತಗೊಳ್ಲಾ?

ಸ್ಟ್ರೀಟ್ ಕ್ಲಾಸಲ್ಲಿ ಓಡಿಸ್ತಿದ್ರೆ ಹೂಸಿಯರ್ ಎ7 ಹಾಕೋಕೇ ಬಿಡಲ್ಲ. ಅಲ್ಲಿ ಟ್ರೆಡ್‌ವೇರ್ ನಂಬರ್ (ಜಾಸ್ತಿ ಇದ್ದಷ್ಟೂ ಟೈರ್ ನಿಧಾನ ಸವೆಯತ್ತೆ) 200 ಅಥವಾ ಅದಕ್ಕಿಂತ ಮೇಲಿರ್ಬೇಕು, ರಿಮ್ಮಿನ ಅಗಲ ಕಂಪನಿ ಕೊಟ್ಟಷ್ಟೇ ಇರ್ಬೇಕು, ವ್ಯಾಸ ಮಾತ್ರ ಒಂದಿಂಚು ಆಚೆ ಈಚೆ ಮಾಡ್ಬಹುದು. 200ರಲ್ಲೇ ಒಳ್ಳೊಳ್ಳೆ ಟೈರಿದಾವೆ, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052, ಫಾಲ್ಕನ್ ಆರ್‌ಟಿ660. ಎ052 ಬೇಗ ಬಿಸಿಯಾಗಿ ಮೊದಲನೇ ರನ್ನಲ್ಲೇ ಹಿಡಿಯತ್ತೆ, ಬೇಗ ಕಾದು ಸುಸ್ತೂ ಆಗತ್ತೆ. ಮಿಯಾಟಾ ಹಗುರ, ಒಬ್ರೇ ಓಡಿಸೋದಾದ್ರೆ ಅದು ಚೆನ್ನಾಗಿ ಹೊಂದತ್ತೆ. ಆದ್ರೆ ಈ ವರ್ಷ ಪೂರ್ತಿ ಗಾಡಿ ಜೊತೆ ಬಂದ ಟೈರಲ್ಲೇ ಓಡಿಸಿ ಅನ್ನೋದು ನನ್ನ ಮಾತು. ಗಟ್ಟಿ ಟೈರು ಜಾರೋಕೆ ಮುಂಚೆ ಕೀರಲು ಸದ್ದು ಮಾಡಿ ಹೇಳತ್ತೆ, ಮೆತ್ತಗಿನದು ಕಡೇ ಗಳಿಗೆವರೆಗೂ ಸುಮ್ನಿದ್ದು ಆಮೇಲೆ ಬಿಡತ್ತೆ, ಕಲಿಯೋರಿಗೆ ಆ ಸದ್ದು ಬೇಕು. ಒಂದು ಕೋನ್ ಬೀಳಿಸಿದ್ರೆ ಅಲ್ಲಿ ಎರಡು ಸೆಕೆಂಡ್ ಪೆನಾಲ್ಟಿ, ಮೊದಲ ವರ್ಷ ಟೈರಿಂದ ಉಳಿಯೋದಕ್ಕಿಂತ ಕೋನಲ್ಲಿ ಹೋಗೋದೇ ಜಾಸ್ತಿ.

ಫ್ರೆಂಡ್ ಹತ್ರ ಬೇರೆ ಗಾಡಿಯ ಅಲಾಯ್ ಇದೆ, ಪಿಸಿಡಿ 4/100 (ನಾಲ್ಕು ನಟ್ಟು, ಅವು ಕೂರೋ ವೃತ್ತದ ವ್ಯಾಸ 100 ಮಿಲಿಮೀಟರ್), ನನ್ನ ಗಾಡೀದೂ ಅದೇ. ಹಾಕ್ಕೋಬಹುದಲ್ವಾ? (ಹಾಸನ)

ನಟ್ಟು ಕೂತ ಮಾತ್ರಕ್ಕೆ ವೀಲು ಕೂತಿದೆ ಅಂತ ಅಲ್ಲ. ಮಧ್ಯದ ತೂತು ನೋಡಿ. ಉದಾಹರಣೆಗೆ ಸ್ವಿಫ್ಟಿನ ಹಬ್ (ಆ ತೂತೊಳಗೆ ಕೂರೋ ಗಾಡಿ ಕಡೆಯ ಭಾಗ) 54.1 ಮಿಲಿಮೀಟರ್, ಹೋಂಡಾ ಸಿಟೀದು 56.1, ಎರಡೂ 4/100 ಪಿಸಿಡಿನೇ. ಸಿಟಿ ರಿಮ್ಮು ಸ್ವಿಫ್ಟಿಗೆ ಹತ್ತತ್ತೆ, ಆದ್ರೆ ಸುತ್ತ ಒಂದು ಮಿಲಿಮೀಟರ್ ಸಡಿಲ, ನಡುವೆ ಸೆಂಟರ್ ರಿಂಗ್ ಹಾಕ್ಲೇಬೇಕು, ಇಲ್ಲಾಂದ್ರೆ ಸ್ಟಿಯರಿಂಗ್ ನಡುಗತ್ತೆ. ಆಮೇಲೆ ಆಫ್‌ಸೆಟ್, ಅಂದ್ರೆ ರಿಮ್ಮು ಎಷ್ಟು ಒಳಗೆ ಹೊರಗೆ ಕೂರತ್ತೆ ಅನ್ನೋದು, ಬ್ರೇಕ್ ಕ್ಯಾಲಿಪರಿಗೆ ತಾಗತ್ತಾ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜತ್ತಾ, ಗಾಡಿ ಜಾಕ್ ಮೇಲಿದ್ದಾಗ ಕೈಯಲ್ಲಿ ತಿರುಗಿಸಿ ನೋಡಿ.

ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ಮಧ್ಯ ಇಡೋ ಬಿಲ್ಲೆ) ಹಾಕಿ ಸರಿಮಾಡ್ತೀನಿ ಅಂತ ಅಂಗಡಿಯವರು ಹೇಳಿದ್ರೆ ಒಪ್ಕೋಬೇಡಿ. ನನಗೆ ಒಂದು ಅಂಗಡೀಲಿ ಹಾಗೇ ಹಾಕಿಕೊಟ್ರು, ಉದ್ದದ ಸ್ಟಡ್ (ನಟ್ಟು ಕೂರೋ ಬೋಲ್ಟು) ಹಾಕದೆ ಹಳೇ ಸ್ಟಡ್ಡಿಗೇ ಬಿಗಿದಿದ್ರು, ನಟ್ಟು ಹಿಡಿದಿದ್ದು ಮೂರು ಮೂರೂವರೆ ಸುತ್ತು ಅಷ್ಟೇ. ಮೂರನೇ ರನ್ ಆದ್ಮೇಲೆ ಟಕ್ ಟಕ್ ಅಂತ ಸದ್ದು ಬಂತು ಅಂತ ಇಳಿದು ಸ್ಪ್ಯಾನರ್ ಹಾಕಿದ್ರೆ ಎರಡು ನಟ್ಟು ಕೈಯಲ್ಲೇ ತಿರುಗಿದ್ವು, ಥ್ರೆಡ್ಡೆಲ್ಲ ತಲೆಕೂದಲ ಥರ ಸುರುಳಿ ಸುರುಳಿಯಾಗಿ ನಟ್ಟೊಳಗೆ ಬಂದಿತ್ತು. ಆ ಗಾಲಿ ಜನ ನಿಂತಿದ್ದ ಕಡೆ ಬಿಚ್ಕೊಂಡು ಹೋಗಿದ್ರೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ. ಅವತ್ತಿಂದ ಪ್ರತಿ ರನ್‌ಗೆ ಮುಂಚೆ ಹದಿನಾರು ನಟ್ಟೂ ನಾನೇ ಟಾರ್ಕ್ ರೆಂಚಲ್ಲಿ ನೋಡ್ತೀನಿ.

ರ‍್ಯಾಲಿ ಓಡಿಸೋರೊಬ್ರು ಬಳಸಿದ ಟೈರು ಕಮ್ಮಿಗೆ ಕೊಡ್ತೀನಿ ಅಂತಿದಾರೆ, ಬಟನ್ ಚೆನ್ನಾಗಿದೆ. ತಗೋಬಹುದಾ? (ಮಂಗಳೂರು)

ಬಟನ್ ನೋಡೋಕೆ ಮುಂಚೆ ಗೋಡೆ ಮೇಲೆ ಡಾಟ್ ಅಂತ ಇರೋ ಸಾಲಿನ ಕೊನೇ ನಾಲ್ಕು ಅಂಕಿ ಓದಿ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಆಮೇಲೆ ಹೆಬ್ಬೆರಳ ಉಗುರಲ್ಲಿ ರಬ್ಬರ್ ಒತ್ತಿ, ಸ್ವಲ್ಪ ತಗ್ಗಾಗಿ ಮತ್ತೆ ಮೇಲೆ ಬರ್ಬೇಕು. ಉಗುರು ಜಾರಿದ್ರೆ ಕಾದು ಆರಿ ಕಾದು ಆರಿ ರಬ್ಬರ್ ಗಟ್ಟಿಯಾಗಿಬಿಟ್ಟಿದೆ, ಎಷ್ಟು ಬಟನ್ ಇದ್ರೂ ಹಿಡಿತ ಇರಲ್ಲ. ಒಳಗಡೆ ಕೈ ಹಾಕಿ ಗೋಡೆ ಸುತ್ತ ಸವರಿ, ಗಂಟು ಸಿಕ್ಕಿದ್ರೆ ಅಥವಾ ದಾರ ಕೈಗೆ ತಾಗಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ತಗೊಂಡ್ರೆ ಬಿಸಿಲು ಬೀಳದ ಕಡೆ, ಮಣ್ಣು ತೊಳೆದು, ಪೂರ್ತಿ ಒಣಗಿಸಿ ಇಡಿ.