ಟೊಮೆಟೊ ಮುಗಿದ ಹೊಲಕ್ಕೆ ಹಿಂಗಾರಿಗೆ ಏನು ಹಾಕಲಿ?

ಪ್ರಶ್ನೆ: ನಮ್ಮದು 20 ಗುಂಟೆ ಕೆಂಪು ಮಣ್ಣು. ಬೇಸಿಗೆಯಲ್ಲಿ ಹಾಕಿದ್ದ ಟೊಮೆಟೊ ಮುಗಿಯುತ್ತ ಬಂದಿದೆ. ಅಲ್ಲಲ್ಲಿ ಗಿಡಗಳು ಹಸಿರಿರುವಾಗಲೇ ಜೋತುಬಿದ್ದು ಸತ್ತವು. ರೋಟಾವೇಟರ್ ಹೊಡೆಸಿ ಉತ್ತರೆ ಮಳೆಗೆ ಬದನೆ ಅಥವಾ ಬೀನ್ಸ್ ಹಾಕಬಹುದೇ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ರೋಟಾವೇಟರ್ ಸದ್ಯಕ್ಕೆ ಬೇಡ. ಮೊದಲು ಗಿಡ ಕಿತ್ತು ಬೇರು ನೋಡಿ. ಮುಂದಿನ ಬೆಳೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಪುಡಿ ಮಾಡಿಬಿಟ್ಟರೆ ನೋಡಲು ಏನೂ ಉಳಿಯುವುದಿಲ್ಲ, ಒಂದು ಮೂಲೆಯ ರೋಗ ಹೊಲಕ್ಕೆಲ್ಲ ಹರಡುತ್ತದೆ.

ಈಗಷ್ಟೇ ಸೊರಗುತ್ತಿರುವ ಗಿಡವನ್ನು ಬುಡದಲ್ಲಿ ಕತ್ತರಿಸಿ. ಗೇಣುದ್ದದ ಕಾಂಡದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಅಲುಗಿಸದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಎಳೆ ಬಾರದೆ, ಸೀಳಿದ ಕಾಂಡದೊಳಗೆ ಬರೀ ಕಂದು ಗೆರೆ ಕಂಡರೆ ಶಿಲೀಂಧ್ರದ್ದಿರಬೇಕು. ಬೇರಿನ ತುಂಬ ಗಂಟುಗಳಿದ್ದರೆ ಜಂತುಹುಳು. ಕತ್ತರಿಸಿದ ಕತ್ತಿಯನ್ನು ತೊಳೆಯದೆ ಇನ್ನೊಂದು ಗಿಡಕ್ಕೆ ತಾಗಿಸಬೇಡಿ.

ದುಂಡಾಣು ಇದ್ದರೆ ಬದನೆ ಬೇಡವೇ ಬೇಡ. ಮೆಣಸಿನಗಿಡ, ಆಲೂಗಡ್ಡೆಗೂ ಅದೇ ರೋಗ ಬರುತ್ತದೆ. ಬೀನ್ಸ್, ಎಲೆಕೋಸು, ಈರುಳ್ಳಿ ಹಾಕಬಹುದು. ಬೇರುಗಂಟು ಕಂಡರೆ ಮಾತ್ರ ಬೀನ್ಸ್, ಕ್ಯಾರೆಟ್ ಎರಡನ್ನೂ ಬಿಟ್ಟು ಈರುಳ್ಳಿ ಇಲ್ಲವೇ ಚೆಂಡುಹೂವು ಹಾಕಿ. ಚೆಂಡುಹೂವಿನ ಬೇರು ಈ ಹುಳುವನ್ನು ತಗ್ಗಿಸುತ್ತದೆ. ಆಗಸ್ಟ್‌ನಲ್ಲೇ ಸಸಿ ನೆಟ್ಟರೆ ದೀಪಾವಳಿಗೆ ಹೂವೂ ಸಿಗುತ್ತದೆ.

ಕಿತ್ತ ಗಿಡಗಳನ್ನು ಬದುವಿನ ಮೇಲೆ ರಾಶಿ ಹಾಕಬೇಡಿ, ಹೊಲದಿಂದಾಚೆ ಸಾಗಿಸಿ ಸುಡಿ. 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ 15 ದಿನ ಇಡಿ. ಅದನ್ನು 100 ಕೆಜಿ ಬೇವಿನ ಹಿಂಡಿಯೊಂದಿಗೆ ಸಾಲಿಗೆ ಕೊಡಿ. ಟ್ರೈಕೋಡರ್ಮಾ ಶಿಲೀಂಧ್ರ ರೋಗಕ್ಕೆ ಕೆಲಸ ಮಾಡುತ್ತದೆ, ದುಂಡಾಣುವಿಗಲ್ಲ. ದುಂಡಾಣುವಿಗೆ ಕನಿಷ್ಠ ಎರಡು ವರ್ಷ ಬೆಳೆ ಬದಲಿಸುವುದೇ ದಾರಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಹೆಚ್ಚು. ಹಾಗಾಗಿ ಯಾವ ಬೆಳೆಯಾದರೂ ಅರ್ಧ ಅಡಿ ಎತ್ತರದ ಏರುಮಡಿಯಲ್ಲೇ ನೆಡಿ.

ಪ್ರಶ್ನೆ: ಎಲೆಕೋಸಿನ ಸಸಿಗಳು ಹುಟ್ಟಿದ ವಾರದೊಳಗೆ ಬುಡ ಕೊಳೆತು ಮಲಗುತ್ತಿವೆ. ಏನು ಮಾಡಲಿ?
– ಓದುಗರು, ಜಗಳೂರು

ಉತ್ತರ: ಬೀಜ ದಟ್ಟವಾಗಿದೆ, ನೀರೂ ಹೆಚ್ಚಾಗಿದೆ. ಎರಡು ದಿನ ನೀರು ನಿಲ್ಲಿಸಿ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಬುಡ ನೆನೆಯುವಂತೆ ಸುರಿಯಿರಿ. ಇದರ ಜೊತೆ ಟ್ರೈಕೋಡರ್ಮಾ ಹಾಕಬೇಡಿ, ಈ ಔಷಧಿಯ ತಾಮ್ರದಿಂದ ಅದಕ್ಕೆ ಹಾನಿಯಾಗಬಹುದು. ಮುಂದಿನ ಮಡಿಗೆ ಬೀಜವನ್ನು ಎರಚದೆ, ನಾಲ್ಕು ಬೆರಳು ಅಂತರದ ಗೆರೆಗಳಲ್ಲಿ ತೆಳುವಾಗಿ ಬಿಡಿ. ನೀರನ್ನು ಬೆಳಗ್ಗೆಯೇ ಕೊಡಿ, ಸಂಜೆ ಕೊಟ್ಟರೆ ರಾತ್ರಿಯಿಡೀ ಬುಡದಲ್ಲಿ ತೇವ ಉಳಿಯುತ್ತದೆ.